ಲೆನಕ್ಸ್ ಬೀದಿಯ ಕುಣಿಯುವ ಮಹಡಿ

ನ್ಯೂಯಾರ್ಕಿಗೆ ಹೋದವರು ನೋಡಿ ಬರುವ ಜಾಗಗಳ ಪಟ್ಟಿಯಲ್ಲಿ ಈ ಜಾಗ ಸಾಮಾನ್ಯವಾಗಿ ಇರುವುದಿಲ್ಲ. ಸ್ವಾತಂತ್ರ್ಯ ದೇವಿಯ ಪ್ರತಿಮೆ, ಎಂಪೈರ್ ಸ್ಟೇಟ್ ಕಟ್ಟಡ, ಟೈಮ್ಸ್ ಸ್ಕ್ವೇರಿನ ಝಗಮಗ ದೀಪಗಳು, ಇಷ್ಟಾದರೆ ಪ್ರವಾಸ ಮುಗಿದಂತೆ. ಆದರೆ ಅದೇ ಟೈಮ್ಸ್ ಸ್ಕ್ವೇರಿನಲ್ಲಿ 2 ಅಥವಾ 3ನೇ ನಂಬರಿನ ಸುರಂಗ ರೈಲು ಹತ್ತಿ ಉತ್ತರಕ್ಕೆ ಹೊರಟು 135ನೇ ಬೀದಿಯಲ್ಲಿ ಇಳಿದು ಮೆಟ್ಟಿಲು ಹತ್ತಿ ಮೇಲೆ ಬಂದರೆ, ನೀವು ನಿಂತಿರುವುದು ಹಾರ್ಲೆಮ್ಮಿನ ನಟ್ಟನಡುವೆ. ಎದುರಿಗೆ ವಿಶಾಲವಾದ ಲೆನಕ್ಸ್ ಅವೆನ್ಯೂ. 1987ರಿಂದ ಇದಕ್ಕೆ ಮಾಲ್ಕಂ ಎಕ್ಸ್ ಬುಲೆವಾರ್ಡ್ ಎಂಬ ಇನ್ನೊಂದು ಹೆಸರೂ ಸೇರಿಕೊಂಡಿದೆ. ಹಳಬರ ಬಾಯಲ್ಲಿ ಮಾತ್ರ ಅದು ಲೆನಕ್ಸೇ.

ನಾನು ಅಲ್ಲಿಗೆ ಹೋದದ್ದು ಒಂದು ನೃತ್ಯಮಂದಿರವನ್ನು ಹುಡುಕಿಕೊಂಡು. ಅದು 1959ರಲ್ಲೇ ನೆಲಸಮವಾಯಿತು ಎಂಬುದು ಮೊದಲೇ ಗೊತ್ತಿತ್ತು. ಇಲ್ಲದ ಕಟ್ಟಡವನ್ನು ನೋಡಲು ಇಷ್ಟು ದೂರ ಬರುವುದು ಒಂದು ಬಗೆಯ ಹುಚ್ಚೇ ಸರಿ. ಆದರೇನು, ಹಂಪೆಯ ಬರಿದಾದ ಬಜಾರಿನಲ್ಲಿ ನಿಂತು ಮುತ್ತುರತ್ನಗಳ ರಾಶಿಯನ್ನು ಕಣ್ಣಿಗೆ ತಂದುಕೊಳ್ಳುವ ಅಭ್ಯಾಸ ನಮಗೆ ಇದ್ದೇ ಇದೆಯಲ್ಲ!

ರೈಲು ನಿಲ್ದಾಣದ ಪಕ್ಕದಲ್ಲೇ ಷಾಂಬರ್ಗ್ ಕೇಂದ್ರ ಎಂಬ ದೊಡ್ಡ ಗ್ರಂಥಾಲಯವಿದೆ. ಕಪ್ಪು ಜನರ ಚರಿತ್ರೆ, ಸಂಸ್ಕೃತಿಗಳ ಕುರಿತು ಓದುವವರಿಗೆ ಅದೊಂದು ಕಣಜ. ಅದರ ಒಳಗಿನ ನೆಲದಡಿ ಹಾರ್ಲೆಮ್ಮಿನ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಚಿತಾಭಸ್ಮವನ್ನು ಇಟ್ಟಿದ್ದಾರೆ. 1991ರಲ್ಲಿ ಆ ನೆಲವನ್ನು ಉದ್ಘಾಟಿಸಿದ ಸಂದರ್ಭದಲ್ಲಿ ಲೇಖಕಿ ಮಾಯಾ ಏಂಜೆಲೊ ಮತ್ತು ಕವಿ ಅಮಿರಿ ಬರಾಕ ಅದರ ಮೇಲೆಯೇ ಜೋಡಿಯಾಗಿ ಕುಣಿದರು. ಆ ಛಾಯಾಚಿತ್ರ ಪ್ರಸಿದ್ಧವಾಗಿದೆ. ಅಸ್ಥಿಯ ಮೇಲೆ ಕುಣಿಯುವುದೇ ಎಂದು ನಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಹಾರ್ಲೆಮ್ಮಿನಲ್ಲಿ ಅದು ಗೌರವ. ಈ ಊರಿನ ಜನ ಕುಣಿತವನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಎಂಬುದಕ್ಕೆ ಇದೊಂದು ಉದಾಹರಣೆ ಸಾಕು.

ಅಲ್ಲಿಂದ ಉತ್ತರಕ್ಕೆ ಐದು ಅಡ್ಡಬೀದಿ ನಡೆದರೆ 140ನೇ ಬೀದಿ ಬರುತ್ತದೆ. ಅಲ್ಲಿಂದ 141ನೇ ಬೀದಿಯವರೆಗೆ, ರಸ್ತೆಯ ಬಲಗಡೆ ಒಂದಿಡೀ ಬ್ಲಾಕನ್ನು ಆಕ್ರಮಿಸಿದ ಕಟ್ಟಡವೊಂದು ಒಂದು ಕಾಲಕ್ಕೆ ಇತ್ತು. ಕೆಳಗೆ ಅಂಗಡಿಗಳು, ಮಹಡಿಯ ಮೇಲೆ ಸವಾಯ್ ಬಾಲ್‌ರೂಮ್. ಈಗ ಅಲ್ಲಿರುವುದು ಇಟ್ಟಿಗೆಯ ಎತ್ತರದ ವಸತಿ ಸಮುಚ್ಚಯ. ನಾನು ಮೊದಲ ಸಲ ಗುರುತು ಸಿಗದೆ ಮುಂದಕ್ಕೆ ಹೋಗಿಬಿಟ್ಟೆ. ಹಿಂದಿರುಗಿ ಬಂದು ಹುಡುಕಿದಾಗ ಒಂದು ಸ್ಮಾರಕ ಫಲಕ ಕಂಡಿತು. ಅದನ್ನು 2002ರ ಮೇ 26ರಂದು ಅನಾವರಣ ಮಾಡಿದವರು ಇಬ್ಬರು ಮುದುಕರು. ಒಬ್ಬರು ಫ್ರಾಂಕಿ ಮ್ಯಾನಿಂಗ್. ಅಂದು ಅವರ 88ನೇ ಹುಟ್ಟುಹಬ್ಬ. ಇನ್ನೊಬ್ಬರು 82 ವರ್ಷದ ನೋರ್ಮಾ ಮಿಲ್ಲರ್. ಇಬ್ಬರೂ ಹದಿಹರೆಯದಲ್ಲಿ ಆ ಮಹಡಿಯ ಮೇಲೆ ಕುಣಿದು ಹೆಸರಾದವರು.

ಕುಣಿಯಲು ಒಂದು ಮಹಡಿ, ಅದಕ್ಕಿಷ್ಟು ದೊಡ್ಡ ಮಾತೇಕೆ ಎಂದು ಕೇಳಬಹುದು. ಇದು ತಿಳಿಯಬೇಕಾದರೆ ಇನ್ನೆರಡು ಬ್ಲಾಕ್ ಮುಂದೆ, 142ನೇ ಬೀದಿಯ ಮೂಲೆಗೆ ಹೋಗಬೇಕು. ಅಲ್ಲಿತ್ತು ಜಗತ್ಪ್ರಸಿದ್ಧ ಕಾಟನ್ ಕ್ಲಬ್. 1923ರಿಂದ ಅದನ್ನು ನಡೆಸುತ್ತಿದ್ದವನು ಓನಿ ಮ್ಯಾಡನ್ ಎಂಬ ಕುಖ್ಯಾತ ರೌಡಿ. ವೇದಿಕೆಯ ಮೇಲೆ ಹಾಡುವವರು, ಕುಣಿಯುವವರು, ವಾದ್ಯ ನುಡಿಸುವವರು ಎಲ್ಲರೂ ಕಪ್ಪು ಜನ. 1927ರಿಂದ ಅಲ್ಲಿ ನುಡಿಸಿದ ಡ್ಯೂಕ್ ಎಲಿಂಗ್ಟನ್ ಅವರಂಥ ಮಹಾನ್ ಸಂಗೀತಗಾರರು. ಕೆಳಗೆ ಮೇಜಿನ ಮುಂದೆ ಕೂತು ನೋಡುವವರು ಮಾತ್ರ ಬಿಳಿಯರು. ಹಾರ್ಲೆಮ್ಮಿನಲ್ಲೇ ಹುಟ್ಟಿ ಬೆಳೆದವನೂ ಚರ್ಮದ ಬಣ್ಣ ಕಪ್ಪಾಗಿದ್ದರೆ ಗಿರಾಕಿಯಾಗಿ ಆ ಬಾಗಿಲು ದಾಟುವಂತಿರಲಿಲ್ಲ. ದೇವಸ್ಥಾನದ ಉತ್ಸವಕ್ಕೆ ತಮಟೆ ಬಾರಿಸಬೇಕು, ಗರ್ಭಗುಡಿಯ ಕಡೆ ಮಾತ್ರ ಹೆಜ್ಜೆ ಇಡಬಾರದು ಎಂಬ ಕಟ್ಟಳೆಯನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸವಾಯ್ ಬಾಗಿಲು ತೆರೆದದ್ದು 1926ರ ಮಾರ್ಚ್ 12ರಂದು. ಮಾಲೀಕ ಮೋ ಗೇಲ್ ಯಹೂದಿ. ಮ್ಯಾನೇಜರ್ ಚಾರ್ಲ್ಸ್ ಬುಕಾನನ್ ಕಪ್ಪು ಜನಾಂಗದವರು. ಅಲ್ಲಿ ಬಣ್ಣದ ತಡೆ ಇರಲಿಲ್ಲ. ಟಿಕೆಟ್ ಕೊಂಡವರು ಯಾರೇ ಆಗಲಿ, ಅಮೃತಶಿಲೆಯ ಮೆಟ್ಟಿಲು ಹತ್ತಿ ಮೇಲೆ ಹೋಗಿ ಯಾರೊಡನೆ ಬೇಕಾದರೂ ಕುಣಿಯಬಹುದಿತ್ತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇದೇ ಕಾಲದಲ್ಲಿ ಕಪ್ಪು ಬಿಳಿಯರು ಒಂದೇ ಸಂಗೀತಕ್ಕೆ ಬಂದರೆ ಸಭಾಂಗಣದ ನಡುವೆ ಹಗ್ಗ ಕಟ್ಟುತ್ತಿದ್ದರು. ಹಗ್ಗದ ಆಚೆಯವರು ಆಚೆ, ಈಚೆಯವರು ಈಚೆ! ಕೈ ಕೈ ಹಿಡಿದು ಕುಣಿಯುವುದಂತೂ ಜೀವಕ್ಕೇ ಅಪಾಯ ತರಬಲ್ಲ ಮಾತು.

ಹಾಗೆಂದು ಸವಾಯ್ ಒಂದು ಧರ್ಮಛತ್ರವೆಂದು ತಿಳಿಯಬೇಕಾಗಿಲ್ಲ. ಅದು ವ್ಯಾಪಾರ. ಒಳ್ಳೆಯ ನರ್ತಕರನ್ನು ಬಿಟ್ಟಿಯಾಗಿ ಒಳಗೆ ಬಿಟ್ಟುಕೊಂಡರೆ ಅವರನ್ನು ನೋಡಲು ಪೇಟೆಯ ಬಿಳಿಯ ಪ್ರವಾಸಿಗರು ದುಡ್ಡು ಕೊಟ್ಟು ಬರುತ್ತಾರೆ ಎಂಬ ಲೆಕ್ಕಾಚಾರ ಅಲ್ಲಿತ್ತು. ಆದರೆ ಕಾಟನ್ ಕ್ಲಬ್ಬಿನ ಲೆಕ್ಕಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಸಣ್ಣದಲ್ಲ. ಇಲ್ಲಿ ನೋಡಲು ಬಂದವನೂ ಕೊನೆಗೆ ಅದೇ ನೆಲಕ್ಕೆ ಇಳಿಯಬೇಕು. ಇಳಿದ ಮೇಲೆ ಅಲ್ಲಿ ಅವನೇ ಅನನುಭವಿ. ಪಕ್ಕದಲ್ಲಿ ಕುಣಿಯುತ್ತಿರುವ ಕಪ್ಪು ಹುಡುಗಿ ಗುರು. ಆ ಹುಡುಗಿ ಹಗಲು ಹೊತ್ತು ಬಿಳಿಯರ ಮನೆಯಲ್ಲಿ ಪಾತ್ರೆ ತೊಳೆಯುವವಳಾಗಿರಬಹುದು. ಮನೆಕೆಲಸದವರಿಗೆ ಗುರುವಾರ ರಜೆ ಸಿಗುತ್ತಿದ್ದುದರಿಂದ ಸವಾಯಿಯಲ್ಲಿ ಆ ಸಂಜೆ ಅವರದೇ. ಅದಕ್ಕೆ ‘ಅಡುಗೆಮನೆ ಮೆಕ್ಯಾನಿಕ್ಕುಗಳ ರಾತ್ರಿ’ ಎಂದೇ ತಮಾಷೆಯ ಹೆಸರು. ಮಂಗಳವಾರ ಮಾತ್ರ ಪಳಗಿದ ನರ್ತಕರ ದಿನ.

ನೆಲದ ಬಗೆಗೂ ಹೇಳಬೇಕು. ಸುಮಾರು 10,000 ಚದರ ಅಡಿಯ ಮೇಪಲ್ ಮರದ ನೆಲ ಅದು. ಉದ್ದವಾಗಿದ್ದುದರಿಂದ ಜನ ಅದನ್ನು ‘ಟ್ರ್ಯಾಕ್’ ಎನ್ನುತ್ತಿದ್ದರು. ಕಾಲಿನ ಏಟಿಗೆ ಸ್ವಲ್ಪ ಬಾಗಿ ಪುಟಿಯುವಂತೆ ಅದನ್ನು ಕೂಡಿಸಿದ್ದರು. ಸಾವಿರಾರು ಕಾಲುಗಳು ಒಟ್ಟಿಗೆ ತಾಳಕ್ಕೆ ಬಿದ್ದಾಗ ಇಡೀ ಮಹಡಿಯೇ ಏರಿಳಿಯುತ್ತಿತ್ತು ಎಂದು ಅಲ್ಲಿ ಕುಣಿದವರು ನೆನೆಸಿಕೊಂಡಿದ್ದಾರೆ. ಸವೆದು ಹೋಗುತ್ತಿದ್ದುದರಿಂದ ಮೂರು ವರ್ಷಕ್ಕೊಮ್ಮೆ ಹೊಸ ಹಲಗೆ ಹಾಕಬೇಕಾಗುತ್ತಿತ್ತಂತೆ.

ಸಂಗೀತಕ್ಕೆ ಒಂದಲ್ಲ, ಎರಡು ವೇದಿಕೆ. ಒಂದು ಬ್ಯಾಂಡು ನಿಲ್ಲಿಸಿದ ಕ್ಷಣವೇ ಇನ್ನೊಂದು ಎತ್ತಿಕೊಳ್ಳುತ್ತಿತ್ತು. ಇದರಿಂದ ಹುಟ್ಟಿದ್ದು ‘ಬ್ಯಾಂಡುಗಳ ಕದನ’. ನಮ್ಮ ಕರಾವಳಿಯವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಿಬಿಡಬಹುದು: ಜೋಡಾಟ! ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳದಲ್ಲಿ ಪಂಥಕ್ಕೆ ಬಿದ್ದು ಆಡುವಾಗ ಜನ ಅತ್ತಿಂದಿತ್ತ ವಾಲುತ್ತಾರಲ್ಲ, ಹಾಗೆ. 1937ರ ಮೇ 11ರಂದು ನಡೆದ ಕದನವನ್ನು ಇಂದಿಗೂ ಹೇಳುತ್ತಾರೆ. ಒಂದು ಕಡೆ ಸವಾಯಿಯ ಮನೆಮಗ ಚಿಕ್ ವೆಬ್. ಬಾಲ್ಯದಲ್ಲಿ ಬೆನ್ನುಮೂಳೆಯ ಕ್ಷಯ ಬಡಿದು ಬೆಳವಣಿಗೆ ಕುಂಠಿತವಾಗಿ, ಗೂನು ಬೆನ್ನಿನ ಕುಳ್ಳ ದೇಹದಲ್ಲೇ ಡ್ರಮ್ಮಿನ ಹಿಂದೆ ಕೂತು ಇಡೀ ಬ್ಯಾಂಡನ್ನು ಎಳೆಯುತ್ತಿದ್ದ ಕಪ್ಪು ಕಲಾವಿದ. ಇನ್ನೊಂದು ಕಡೆ ಬೆನ್ನಿ ಗುಡ್‌ಮನ್. ದೇಶವೇ ‘ಸ್ವಿಂಗ್ ಸಂಗೀತದ ರಾಜ’ನೆಂದು ಕೊಂಡಾಡುತ್ತಿದ್ದ ಬಿಳಿಯ. ಒಳಗೆ ಸುಮಾರು 4000 ಜನ ಕಿಕ್ಕಿರಿದಿದ್ದರೆ ಬೀದಿಯಲ್ಲಿ ಇನ್ನೂ ಸಾವಿರಾರು ಜನ ಟಿಕೆಟ್ ಸಿಗದೆ ನಿಂತಿದ್ದರು. ಗೆದ್ದದ್ದು ವೆಬ್. ಗುಡ್‌ಮನ್ನರ ಬ್ಯಾಂಡಿನ ಡ್ರಮ್ ವಾದಕ ಜೀನ್ ಕ್ರೂಪ ತಾನೇ ಬಾಗಿ ಚಿಕ್ ವೆಬ್‌ಗೆ ವಂದಿಸಿದ. ಹೊರಗಿನ ಬೀದಿಯಲ್ಲಿ ಬಿಳಿಯನೊಬ್ಬ ಕಪ್ಪು ಮನುಷ್ಯನಿಗೆ ತಲೆಬಾಗುವುದು ಊಹೆಗೂ ನಿಲುಕದಿದ್ದ ಕಾಲ ಅದು.

ಆ ನೆಲದ ಮೇಲೆ ಬೆಳೆದ ಕುಣಿತದ ಹೆಸರು ‘ಲಿಂಡಿ ಹಾಪ್’. ಚಾರ್ಲ್ಸ್ ಲಿಂಡ್‌ಬರ್ಗ್ 1927ರಲ್ಲಿ ಒಬ್ಬನೇ ಅಟ್ಲಾಂಟಿಕ್ ಸಾಗರವನ್ನು ವಿಮಾನದಲ್ಲಿ ದಾಟಿದ್ದ. ಜನ ಅವನನ್ನು ಪ್ರೀತಿಯಿಂದ ‘ಲಿಂಡಿ’ ಎನ್ನುತ್ತಿದ್ದರು. 1928ರಲ್ಲಿ ಹಾರ್ಲೆಮ್ಮಿನ ಒಂದು ನೃತ್ಯ ಸ್ಪರ್ಧೆಯಲ್ಲಿ ಷಾರ್ಟಿ ಸ್ನೋಡನ್ ಎಂಬ ಗಿಡ್ಡ ನರ್ತಕನನ್ನು ಇದೇನು ಕುಣಿತ ಎಂದು ಕೇಳಿದಾಗ ಆತ ಬಾಯಿಗೆ ಬಂದಂತೆ ಈ ಹೆಸರು ಹೇಳಿದನಂತೆ. ಹೆಸರು ಹೇಗೇ ಬಂದಿರಲಿ, ಕುಣಿತದ ಒಡಲಲ್ಲೇ ಎರಡು ಖಂಡಗಳು ಕೂಡಿಕೊಂಡಿವೆ. ಗಂಡು ಹೆಣ್ಣು ಎದುರುಬದುರು ನಿಂತು ಕೈಹಿಡಿದು ಸುತ್ತುವುದು ಯೂರೋಪಿನ ಪದ್ಧತಿ. ಮೊಣಕಾಲು ಮಡಿಸಿ, ಮೈಯನ್ನು ನೆಲದ ಕಡೆ ಬಾಗಿಸಿ, ತಾಳದ ನಡುವಿನ ಸಂದುಗಳಲ್ಲಿ ಹೆಜ್ಜೆಯನ್ನು ತುರುಕುವುದು, ನಿಂತ ನಿಲುವಿನಲ್ಲೇ ಹೊಸತನ್ನು ಕಟ್ಟುವುದು ಆಫ್ರಿಕದಿಂದ ಬಂದ ಬಳುವಳಿ. ಲಿಂಡಿಯಲ್ಲಿ ಎಂಟು ಎಣಿಕೆಯ ಒಂದು ಸುತ್ತು ಇದೆ. ಮೊದಲು ಜೋಡಿ ಹತ್ತಿರ ಬರುತ್ತದೆ, ಒಟ್ಟಿಗೆ ತಿರುಗುತ್ತದೆ, ಆಮೇಲೆ ಕವಣೆಯ ಕಲ್ಲಿನಂತೆ ಒಬ್ಬರು ದೂರ ಚಿಮ್ಮುತ್ತಾರೆ. ಒಂದು ಕೈ ಮಾತ್ರ ಬಿಟ್ಟಿರುವುದಿಲ್ಲ. ಹಾಗೆ ದೂರವಾದ ಒಂದೆರಡು ಕ್ಷಣ ಇಬ್ಬರೂ ತಮ್ಮ ತಮ್ಮ ಇಷ್ಟದಂತೆ ಕುಣಿಯಬಹುದು. ಮತ್ತೆ ಹತ್ತಿರ. ಜೊತೆಗೂ ಇರಬೇಕು, ತನ್ನತನವೂ ಉಳಿಯಬೇಕು ಎನ್ನುವವರಿಗೆ ಹೇಳಿ ಮಾಡಿಸಿದ ಕುಣಿತ.

ಇನ್ನು ಫ್ರಾಂಕಿ ಮ್ಯಾನಿಂಗ್ ಅವರ ವಿಷಯ. ಹುಟ್ಟಿದ್ದು 1914ರಲ್ಲಿ, ಫ್ಲಾರಿಡದ ಜಾಕ್ಸನ್‌ವಿಲ್‌ನಲ್ಲಿ. ಮೂರು ವರ್ಷದ ಮಗುವಾಗಿದ್ದಾಗ ತಾಯಿ ಹಾರ್ಲೆಮ್ಮಿಗೆ ಕರೆತಂದರು. ಆಕೆಗೆ ನೃತ್ಯವೆಂದರೆ ಪ್ರಾಣ. ಮಗ ಕುಣಿಯುವುದನ್ನು ಒಂದು ದಿನ ನೋಡಿ, ನಿನ್ನ ಮೈ ಮರದ ಹಾಗಿದೆ, ನೀನೆಂದೂ ನರ್ತಕನಾಗಲಾರೆ ಎಂಬ ಅರ್ಥದ ಮಾತಾಡಿದರಂತೆ! (ತಾಯ್ತಂದೆಯರು ಈ ಸಾಲನ್ನು ಎರಡು ಸಲ ಓದಬೇಕಾಗಿ ವಿನಂತಿ.) ಹುಡುಗ ಬೇಸರಪಟ್ಟು ಕೂರಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಗ್ರಾಮಫೋನು ಹಚ್ಚಿ, ಪೊರಕೆಯನ್ನೋ ಕುರ್ಚಿಯನ್ನೋ ಜೊತೆಗಾತಿ ಮಾಡಿಕೊಂಡು ಅಭ್ಯಾಸಕ್ಕಿಳಿದ. ಸಣ್ಣಪುಟ್ಟ ನೃತ್ಯಮಂದಿರಗಳಲ್ಲಿ ಪಳಗಿ, ಅಂಜುತ್ತ ಅಳುಕುತ್ತ ಸವಾಯಿಯ ಮೆಟ್ಟಿಲು ಹತ್ತಿದ.

ನೋರ್ಮಾ ಮಿಲ್ಲರ್ ಆ ಮೆಟ್ಟಿಲು ಹತ್ತಿದ್ದು ಬೇರೆ ರೀತಿ. ಅವರ ಮನೆ ಇದ್ದುದೇ ಸವಾಯಿಯ ಹಿಂಬದಿಯ ಬೀದಿಯಲ್ಲಿ. ಬೆಂಕಿ ಬಿದ್ದರೆ ಇಳಿಯಲೆಂದು ಮನೆಯ ಹೊರಗೋಡೆಗೆ ಜೋಡಿಸಿದ್ದ ಕಬ್ಬಿಣದ ಜಗಲಿಯಲ್ಲಿ ಕೂತು, ಎದುರಿನ ಕಿಟಕಿಗಳಲ್ಲಿ ಕಾಣುವ ನೆರಳುಗಳನ್ನು ನೋಡಿ ಆ ಮಗು ಹೆಜ್ಜೆ ಕಲಿತದ್ದು. 1932ರ ಈಸ್ಟರ್ ಹಬ್ಬದ ದಿನ, ಹನ್ನೆರಡು ವರ್ಷದ ಹುಡುಗಿ ಬಾಗಿಲ ಮುಂದೆ ಕುಣಿಯುತ್ತಿದ್ದಾಗ ಸವಾಯಿಯ ಪ್ರಸಿದ್ಧ ನರ್ತಕನೊಬ್ಬ ಕೈಹಿಡಿದು ಒಳಗೆ ಕರೆದೊಯ್ದ.

1935ರಲ್ಲಿ ಮ್ಯಾನಿಂಗ್ ಮತ್ತು ಗೆಳೆಯರು ಹಿರಿಯ ಷಾರ್ಟಿ ಸ್ನೋಡನ್ ತಂಡಕ್ಕೇ ಸವಾಲು ಹಾಕಿದರು. ಸ್ನೋಡನ್ ತನಗಿಂತ ಬಹಳ ಎತ್ತರದ ಜೊತೆಗಾತಿ ಬಿಗ್ ಬೀಯ ಬೆನ್ನಮೇಲೆ ಕಾಲಾಡಿಸುತ್ತ ಹೊರಗೆ ಹೋಗುವುದು ಹೆಸರಾಂತ ತಮಾಷೆ. ಬೆನ್ನಿನ ಮೇಲೆ ಹೊರುವುದಷ್ಟೇ ಏಕೆ, ಬೆನ್ನಿನ ಮೇಲಿಂದ ಉರುಳಿಸಿ ಈಚೆ ಇಳಿಸಿದರೆ ಹೇಗೆ ಎಂದು ಮ್ಯಾನಿಂಗ್‌ಗೆ ಹೊಳೆಯಿತು. ಜೊತೆಗಾತಿ ಫ್ರೀಡ ವಾಷಿಂಗ್ಟನ್ ಮನೆಯಲ್ಲಿ ನೆಲಕ್ಕೆ ಹಾಸಿಗೆ ಹಾಕಿಕೊಂಡು, ಬಿದ್ದು ಎದ್ದು ಅಭ್ಯಾಸ ಮಾಡಿದರು. ಸ್ಪರ್ಧೆಯ ರಾತ್ರಿ ಚಿಕ್ ವೆಬ್ ಬ್ಯಾಂಡಿನ ಸರಿಯಾದ ತಾಳಕ್ಕೆ ಫ್ರೀಡ ಅವನ ಬೆನ್ನ ಮೇಲಿಂದ ಗಾಳಿಯಲ್ಲಿ ತಿರುಗಿ ಎದುರಿಗೆ ಬಂದು ನಿಂತಳು. ಒಂದು ಕ್ಷಣ ಮೌನ, ಮರುಕ್ಷಣ ಸಭಾಂಗಣವೇ ಹುಚ್ಚೆದ್ದು ಕೂಗಿತು. ಲಿಂಡಿ ಹಾಪ್‌ನ ಮೊದಲ ‘ಗಾಳಿಹೆಜ್ಜೆ’ ಅದು.

ಸವಾಯಿಯಲ್ಲಿ ಬಣ್ಣದ ಪ್ರಶ್ನೆ ಬರುತ್ತಿರಲಿಲ್ಲವೇ ಎಂದು ಮ್ಯಾನಿಂಗ್ ಅವರನ್ನು ಬಹಳ ಜನ ಕೇಳಿದ್ದಾರೆ. ಅಲ್ಲಿ ಜನ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು ಎಂಬುದು ಅವರ ಉತ್ತರದ ತಾತ್ಪರ್ಯ. ಹಾಲಿವುಡ್ಡಿನ ನಾಯಕನಟ ಕ್ಲಾರ್ಕ್ ಗೇಬಲ್ ಒಳಗೆ ಬಂದಿದ್ದಾನೆಂದು ಯಾರೋ ಉಸುರಿದರೆ, ಅವನಿಗೆ ಕುಣಿಯಲು ಬರುತ್ತದೆಯೇ ಎಂದಷ್ಟೇ ಪಕ್ಕದವರು ಕೇಳಿದರಂತೆ. ಈ ಮಾತು ಪೂರ್ತಿ ನಿಜವೋ, ಮುದಿಪ್ರಾಯದಲ್ಲಿ ಯೌವನವನ್ನು ನೆನೆಯುವಾಗ ಹತ್ತುವ ಬಣ್ಣವೋ ಹೇಳುವುದು ಕಷ್ಟ. ಆದರೆ ಆ ನೆಲದಿಂದ ಹೊರಗೆ ಹೆಜ್ಜೆ ಇಟ್ಟಾಗ ಏನಾಗುತ್ತಿತ್ತು ಎಂಬುದಕ್ಕೆ ಸಾಕ್ಷಿ ಸಿನಿಮಾದಲ್ಲೇ ಇದೆ. ಸವಾಯಿಯ ಈ ನರ್ತಕರು 1941ರ ‘ಹೆಲ್ಜಪಾಪಿನ್’ ಚಿತ್ರದಲ್ಲಿ ಕುಣಿದಿದ್ದಾರೆ. ನಾಲ್ಕು ಜೋಡಿಗಳು, ಕಣ್ಣು ಮಿಟುಕಿಸಲಾಗದ ವೇಗ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಆ ತುಣುಕು ಇವತ್ತೂ ಸಿಗುತ್ತದೆ. ನೋಡುವಾಗ ಅವರ ಉಡುಪನ್ನು ಗಮನಿಸಿ. ಅಡುಗೆಯವನು, ಮನೆಕೆಲಸದವಳು, ಮೆಕ್ಯಾನಿಕ್ಕು ಹೀಗೆ ಎಲ್ಲರಿಗೂ ಆಳುಕಾಳುಗಳ ವೇಷ. ಕಥೆಗೂ ಆ ಕುಣಿತಕ್ಕೂ ಸಂಬಂಧವಿಲ್ಲ. ಕಪ್ಪು ಕಲಾವಿದರ ದೃಶ್ಯಗಳನ್ನು ಆ ಕಾಲದಲ್ಲಿ ಹೀಗೆ ಬಿಡಿಯಾಗಿಯೇ ಚಿತ್ರೀಕರಿಸುತ್ತಿದ್ದರು. ದಕ್ಷಿಣದ ಚಿತ್ರಮಂದಿರಗಳಲ್ಲಿ ಕತ್ತರಿಸಿ ಎಸೆದರೆ ಕಥೆಗೆ ಧಕ್ಕೆಯಾಗಬಾರದು, ಅಷ್ಟೇ.

ಯುದ್ಧದ ಕಾಲದಲ್ಲಿ ಸವಾಯಿಗೂ ಕಂಟಕ ಬಂತು. ಸೈನಿಕರಿಗೆ ಅಲ್ಲಿ ಅನೈತಿಕ ಸಹವಾಸದಿಂದ ರೋಗ ತಗಲುತ್ತಿದೆ ಎಂಬ ಆರೋಪದ ಮೇಲೆ 1943ರ ಏಪ್ರಿಲ್‌ನಲ್ಲಿ ಅಧಿಕಾರಿಗಳು ಬೀಗ ಹಾಕಿದರು. ಪೇಟೆಯ ಬಿಳಿಯರ ನೃತ್ಯಮಂದಿರಗಳಿಗೆ ಇಲ್ಲದ ಬೀಗ ಇದಕ್ಕೊಂದಕ್ಕೇ ಏಕೆ? ಕಪ್ಪು ಬಿಳಿಯರು ಕೈಹಿಡಿದು ಕುಣಿಯುವುದನ್ನು ತಪ್ಪಿಸಲಿಕ್ಕೇ ಎಂದು ಹಾರ್ಲೆಮ್ಮಿನ ಜನ ಸಿಟ್ಟಾದರು, ಮುಖಂಡರು ಪ್ರತಿಭಟಿಸಿದರು. ಅದೇ ಆಗಸ್ಟ್‌ನಲ್ಲಿ, ಪೊಲೀಸನೊಬ್ಬ ಕಪ್ಪು ಸೈನಿಕನ ಮೇಲೆ ಗುಂಡು ಹಾರಿಸಿದ್ದೇ ನೆಪವಾಗಿ ಹಾರ್ಲೆಮ್ ಹೊತ್ತಿ ಉರಿಯಿತು. ಅಕ್ಟೋಬರ್‌ನಲ್ಲಿ ಬಾಗಿಲು ಮತ್ತೆ ತೆರೆಯಿತು. ಆದರೆ ಆ ಹೊತ್ತಿಗೆ ಹುಡುಗರೆಲ್ಲ ಸೇನೆಯಲ್ಲಿದ್ದರು. ಮ್ಯಾನಿಂಗ್ ಪೆಸಿಫಿಕ್ ಸಾಗರದ ರಣರಂಗದಲ್ಲಿ.

ಹಿಂದಿರುಗಿ ಬಂದಾಗ ಸಂಗೀತ ಬದಲಾಗಿತ್ತು. ಒಂದು ಸಣ್ಣ ತಂಡ ಕಟ್ಟಿ ಕೆಲಕಾಲ ತಿರುಗಿದರು. 1955ರಲ್ಲಿ ಅದೂ ನಿಂತಿತು. ಸಂಸಾರ ಸಾಗಬೇಕಲ್ಲ, ಅಂಚೆ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. 1958ರಲ್ಲಿ ಸವಾಯ್ ಮುಚ್ಚಿತು, ಮರುವರ್ಷ ವಸತಿ ಯೋಜನೆಗಾಗಿ ಒಡೆದು ಹಾಕಿದರು. ಮೂರು ದಶಕ ಕಾಲ ಮ್ಯಾನಿಂಗ್ ಅಂಚೆಯನ್ನೇ ನಂಬಿ ಬಾಳಿದರು. ಪಕ್ಕದಲ್ಲಿ ಕೆಲಸ ಮಾಡುವ ಈತ ಯಾರೆಂದು ಅಲ್ಲಿ ಎಷ್ಟು ಜನರಿಗೆ ಗೊತ್ತಿತ್ತೋ!

ಇಷ್ಟಕ್ಕೇ ಮುಗಿದಿದ್ದರೆ ಇದು ಇನ್ನೊಂದು ಮರೆತುಹೋದ ಕಲೆಯ ಕಥೆಯಾಗುತ್ತಿತ್ತು. ಆದರೆ ಇಲ್ಲಿ ಲೆನಕ್ಸ್ ಬೀದಿಯಿಂದ ಸ್ವೀಡನ್ನಿಗೆ ಹೋಗಬೇಕಾಗಿದೆ. ಸ್ಟಾಕ್‌ಹೋಮ್ ನಗರದ ಕೆಲವು ಬಿಳಿಯ ಯುವಕರು ಹಳೆಯ ಸಿನಿಮಾ ತುಣುಕುಗಳನ್ನು ತಿರುಗಿಸಿ ಮುರುಗಿಸಿ ನೋಡಿ ಲಿಂಡಿ ಹಾಪ್ ಕಲಿಯಲು ಹೆಣಗುತ್ತಿದ್ದರು. ಚಿತ್ರ ನೋಡಿ ಹೆಜ್ಜೆಯೇನೋ ಬರುತ್ತದೆ, ಮೈಯ ಒಳಗಿನ ತಾಳ ಬರಬೇಡವೇ? 1984ರಲ್ಲಿ ಲೆನಾರ್ಟ್ ವೆಸ್ಟರ್‌ಲುಂಡ್ ಮತ್ತು ಇಬ್ಬರು ಗೆಳೆಯರು ನ್ಯೂಯಾರ್ಕಿಗೇ ಬಂದು, ಸವಾಯಿಯ ಇನ್ನೊಬ್ಬ ಹಿರಿಯ ನರ್ತಕ ಆಲ್ ಮಿನ್ಸ್ ಅವರನ್ನು ಹುಡುಕಿ ಹಿಡಿದರು. ಮಿನ್ಸ್ ಆ ಬೇಸಿಗೆಯಲ್ಲಿ ಸ್ವೀಡನ್ನಿಗೆ ಹೋಗಿ ಪಾಠ ಹೇಳಿ ಬಂದರು, ಮರುವರ್ಷ ತೀರಿಕೊಂಡರು. ಒಂದೇ ವರ್ಷ ತಡವಾಗಿದ್ದರೆ ಆ ಕೊಂಡಿಯೇ ಕಳಚಿಹೋಗುತ್ತಿತ್ತು.

1986ರಲ್ಲಿ ಕ್ಯಾಲಿಫೋರ್ನಿಯದಿಂದ ಎರಿನ್ ಸ್ಟೀವನ್ಸ್ ಮತ್ತು ಸ್ಟೀವನ್ ಮಿಚೆಲ್ ಎಂಬ ಇಬ್ಬರು ಯುವ ನರ್ತಕರು ಮ್ಯಾನಿಂಗ್ ಅವರ ಬೆನ್ನು ಹತ್ತಿದರು. ಎರಿನ್ ಫೋನು ಮಾಡಿ, ನರ್ತಕ ಫ್ರಾಂಕಿ ಮ್ಯಾನಿಂಗ್ ನೀವೇ ಏನು ಎಂದು ಕೇಳಿದಾಗ, ಅಲ್ಲ, ನಾನು ಅಂಚೆ ನೌಕರ ಫ್ರಾಂಕಿ ಮ್ಯಾನಿಂಗ್ ಎಂಬಂತೆ ಉತ್ತರ ಬಂತಂತೆ. ಕಲಿಸಲು ಒಪ್ಪಿಸಬೇಕಾದರೆ ಸಾಕುಸಾಕಾಯಿತು. ಒಪ್ಪಿದ ಮೇಲೆ ಮಾತ್ರ ಆ ಮನುಷ್ಯ ನಿಲ್ಲಲಿಲ್ಲ. 1987ರಲ್ಲಿ ಅಂಚೆಯಿಂದ ನಿವೃತ್ತಿ, ಅದೇ ವರ್ಷ ಸ್ಟಾಕ್‌ಹೋಮ್ ಪ್ರಯಾಣ. 1989ರಲ್ಲಿ ‘ಬ್ಲ್ಯಾಕ್ ಅಂಡ್ ಬ್ಲೂ’ ಎಂಬ ಬ್ರಾಡ್‌ವೇ ಪ್ರದರ್ಶನದ ನೃತ್ಯ ಸಂಯೋಜನೆಗೆ ಇತರ ಮೂವರೊಡನೆ ಟೋನಿ ಪ್ರಶಸ್ತಿ. ಸ್ಟಾಕ್‌ಹೋಮಿನ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ಹಿಂದೆ ಕಬ್ಬಿಣದ ಗಣಿಯಿದ್ದ ಹೆರೆಂಗ್ ಎಂಬ ಪುಟ್ಟ ಹಳ್ಳಿ ಇದೆ. ಅಲ್ಲಿ 1982ರಲ್ಲಿ ಆರಂಭವಾದ ಬೇಸಿಗೆ ನೃತ್ಯ ಶಿಬಿರಕ್ಕೆ ಮ್ಯಾನಿಂಗ್ ವರ್ಷ ವರ್ಷವೂ ಬಂದರು. ಕೆಲವು ನೂರು ಜನರ ಆ ಹಳ್ಳಿಗೆ ಜಗತ್ತಿನ ಮೂಲೆಮೂಲೆಯಿಂದ ಕುಣಿಯುವವರು ಬರತೊಡಗಿದರು. ಕಪ್ಪು ಗುರು, ಸುತ್ತಲೂ ಯೂರೋಪು, ಏಷ್ಯ, ಅಮೆರಿಕಗಳ ಮಕ್ಕಳು. ಕುಣಿಯುವ ಮೊದಲು ಜೊತೆಗಾತಿಗೆ ತಲೆಬಾಗಿ ನಮಿಸಿ, ಆಕೆ ರಾಣಿಯೆಂದು ತಿಳಿಯಿರಿ ಎನ್ನುವುದು ಅವರ ಪಾಠದ ಮೊದಲ ಹೆಜ್ಜೆ. ಹುಟ್ಟುಹಬ್ಬ ಬಂದರೆ ವಯಸ್ಸು ಎಷ್ಟೋ ಅಷ್ಟು ಜನ ಜೊತೆಗಾತಿಯರೊಡನೆ ಸಾಲಾಗಿ ಕುಣಿಯುತ್ತಿದ್ದರು. 95ನೇ ಹುಟ್ಟುಹಬ್ಬಕ್ಕೆ ನ್ಯೂಯಾರ್ಕಿನಲ್ಲಿ ದೊಡ್ಡ ಉತ್ಸವ ಸಿದ್ಧವಾಗುತ್ತಿದ್ದಾಗ, ಅದಕ್ಕೆ ಒಂದು ತಿಂಗಳ ಮುಂಚೆ, 2009ರ ಏಪ್ರಿಲ್ 27ರಂದು ಅವರು ಕಣ್ಮುಚ್ಚಿದರು. ಉತ್ಸವವನ್ನು ಯಾರೂ ರದ್ದು ಮಾಡಲಿಲ್ಲ. ಬಂದವರೆಲ್ಲ ಕುಣಿದೇ ವಿದಾಯ ಹೇಳಿದರು. ನೋರ್ಮಾ ಮಿಲ್ಲರ್ ಇನ್ನೂ ಹತ್ತು ವರ್ಷ ಬಾಳಿ, 2019ರ ಮೇ ತಿಂಗಳಲ್ಲಿ ತೀರಿಕೊಂಡರು.

ಇಲ್ಲಿ ಒಂದು ಇರುಸುಮುರುಸಿನ ಮಾತನ್ನೂ ಹೇಳಲೇಬೇಕು. ಇವತ್ತು ಯೂರೋಪಿನಲ್ಲಾಗಲಿ ಅಮೆರಿಕದಲ್ಲಾಗಲಿ ಲಿಂಡಿ ಹಾಪ್ ಕೂಟಕ್ಕೆ ಹೋದರೆ ಕಾಣುವ ಮುಖಗಳಲ್ಲಿ ಹೆಚ್ಚಿನವು ಕಪ್ಪಲ್ಲ. ಕುಣಿತ ಬದುಕಿತು, ಹುಟ್ಟಿಸಿದವರ ಮೊಮ್ಮಕ್ಕಳ ಕೈಗೆ ಮಾತ್ರ ಸಿಗಲಿಲ್ಲ. ಕಲಿಸುವವರು, ಹಣ ಪಡೆಯುವವರು, ಬಹುಮಾನ ಗೆಲ್ಲುವವರು ಬೇರೆಯವರಾದರೆ ಇದು ಒಟ್ಟಿಗೆ ಕುಣಿಯುವುದೇ ಅಥವಾ ಎತ್ತಿಕೊಂಡು ಹೋಗುವುದೇ? ಈ ಪ್ರಶ್ನೆಯನ್ನು ಕಪ್ಪು ನರ್ತಕರು ಕೆಲವು ವರ್ಷಗಳಿಂದ ಗಟ್ಟಿಯಾಗಿಯೇ ಕೇಳುತ್ತಿದ್ದಾರೆ. ಸ್ವೀಡನ್ನಿನ ಹುಡುಗರು ಬರದಿದ್ದರೆ ಕಲಿಸುವವರ ಜೊತೆಗೇ ಬಹುಪಾಲು ಮಣ್ಣಾಗುತ್ತಿತ್ತು ಎಂಬುದು ನಿಜ. ಉಳಿಸಿದವರಿಗೆ ಕೃತಜ್ಞತೆ ಸಲ್ಲಬೇಕು, ಒಡೆತನ ಅಲ್ಲ ಎಂದು ನನಗೆ ಅನ್ನಿಸುತ್ತದೆ. ದೇವದಾಸಿಯರ ಮನೆಯಂಗಳದಲ್ಲಿ ಬೆಳೆದ ನೃತ್ಯ ಸಭಾಂಗಣಗಳ ಗೌರವ ಪಡೆದಾಗ ಆ ಮನೆಯವರು ಎಲ್ಲಿ ಉಳಿದರು ಎಂಬ ಪ್ರಶ್ನೆ ನಮ್ಮಲ್ಲೂ ಇನ್ನೂ ಮುಗಿದಿಲ್ಲ.

ಆ ಪ್ರಶ್ನೆಯನ್ನು ವೇದಿಕೆಯ ಮೇಲೇ ಇಟ್ಟುಕೊಂಡು ಕುಣಿದವರೂ ಇದ್ದಾರೆ. ಲಟಾಶಾ ಬಾರ್ನ್ಸ್ ಅಂಥ ಒಬ್ಬ ಕಪ್ಪು ನರ್ತಕಿ. ಲಿಂಡಿ ಹಾಪ್‌ನಿಂದ ಇಂದಿನ ಹಿಪ್‌ಹಾಪ್, ಹೌಸ್ ಕುಣಿತಗಳವರೆಗೆ ಹರಿದು ಬಂದ ಒಂದೇ ಹೊಳೆಯನ್ನು ತೋರಿಸುವ ‘ದಿ ಜಾಸ್ ಕಂಟಿನ್ಯುಯಂ’ ಎಂಬ ಪ್ರದರ್ಶನವನ್ನು ಆಕೆ 2021ರಲ್ಲಿ ಕಪ್ಪು ಕಲಾವಿದರೊಡನೆ ಕಟ್ಟಿದರು. ಅದೇ ವರ್ಷ, ಕ್ಯಾಲೆಬ್ಟೈಕರ್, ಎವಿಟ ಆರ್ಸ್, ನೇಥನ್ ಬಗ್, ಮೇಸಿ ಸುಲಿವನ್ ಮುಂತಾದವರೊಡನೆ ಸೇರಿ ‘ಸ್ವಿಂಗ್ ಔಟ್’ ಎಂಬ ಇನ್ನೊಂದು ಪ್ರದರ್ಶನದಲ್ಲೂ ಪಾಲುಗೊಂಡರು. ಮೊದಲನೆಯದು ಮನೆಯೊಳಗಿನ ಮಾತುಕತೆ, ಎರಡನೆಯದು ಊರೆಲ್ಲ ಸೇರಿದ ಕೂಟ. ಎರಡೂ ಬೇಕು ಎಂದು ಒಬ್ಬಳೇ ನರ್ತಕಿ ತೋರಿಸಿದಂತಾಯಿತು. ಸ್ವಿಂಗ್ ಔಟ್‌ನಲ್ಲಿ ಬೇರೆ ಬೇರೆ ಜನಾಂಗದ ನರ್ತಕರು, ವೇದಿಕೆಯ ಮೇಲೆ ಜೀವಂತ ಬ್ಯಾಂಡು. ಯಾರು ಮುನ್ನಡೆಸಬೇಕು, ಯಾರು ಹಿಂಬಾಲಿಸಬೇಕು ಎಂಬುದು ಕೂಡ ಗಂಡು ಹೆಣ್ಣಿನ ಮೇಲೆ ನಿಂತಿಲ್ಲ; ಕುಣಿಯುತ್ತಿರುವಾಗಲೇ ಕೈ ಬದಲಾಗುತ್ತದೆ. ಬಹಳಷ್ಟು ಹೆಜ್ಜೆಗಳು ಆ ರಾತ್ರಿಯೇ ಹುಟ್ಟುವಂಥವು.

ಸ್ವಿಂಗ್ ಔಟ್ ನಡೆದದ್ದು ಮ್ಯಾನ್‌ಹಟನ್ನಿನ ದಕ್ಷಿಣ ಭಾಗದ ಜಾಯ್ಸ್ ರಂಗಮಂದಿರದಲ್ಲಿ. ಲೆನಕ್ಸ್ ಬೀದಿಯ ಫಲಕ ನೋಡಿ ಬಂದವರು 135ನೇ ಬೀದಿಯಲ್ಲಿ ಅದೇ ರೈಲು ಹತ್ತಿ 14ನೇ ಬೀದಿಯಲ್ಲಿ ಇಳಿದು ಎಂಟನೇ ಅವೆನ್ಯೂವಿನ ಕಡೆ ನಡೆದರೆ ಆ ರಂಗಮಂದಿರ ಸಿಗುತ್ತದೆ. ಪ್ರದರ್ಶನದ ಕೊನೆಯ ಭಾಗದಲ್ಲಿ ನರ್ತಕರು ಪ್ರೇಕ್ಷಕರನ್ನೇ ವೇದಿಕೆಗೆ ಕರೆಯುತ್ತಿದ್ದರು. ಬ್ಯಾಂಡು ನುಡಿಸುತ್ತಲೇ ಇರುತ್ತಿತ್ತು. ಟಿಕೆಟ್ ಕೊಂಡು ನೋಡಲು ಬಂದವರು, ಬರುವವರು ಬಾರದವರು ಎಲ್ಲರೂ, ಮೆಟ್ಟಿಲು ಹತ್ತಿ ಮೇಲೆ ಹೋಗಿ ಯಾರು ಸಿಕ್ಕಿದರೆ ಅವರ ಕೈ ಹಿಡಿದು ಕುಣಿಯುತ್ತಿದ್ದರು.